ಲೆಕ್ಕಕ್ಕಿಲ್ಲದವರು ಗೆದ್ದಾಗ

2002ರ ಮೇ 31, ದಕ್ಷಿಣ ಕೊರಿಯಾದ ಸೋಲ್. ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯ. ಒಂದು ಕಡೆ ಹಾಲಿ ಚಾಂಪಿಯನ್ ಫ್ರಾನ್ಸ್. ಎದುರಿಗೆ, 1960ರವರೆಗೂ ಅದೇ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ, ವಿಶ್ವಕಪ್ಪಿಗೆ ಮೊದಲ ಸಲ ಬಂದಿದ್ದ ಸೆನೆಗಲ್. 30ನೇ ನಿಮಿಷದಲ್ಲಿ ಪಾಪಾ ಬೂಬಾ ಡಿಯೋಪ್ ನೆಲಕ್ಕೆ ಬಿದ್ದಿದ್ದರೂ ಕಾಲು ಚಾಚಿ ಚೆಂಡನ್ನು ಬಲೆಗೆ ತಳ್ಳಿಬಿಟ್ಟರು. ಎದ್ದವರೇ ಅಂಗಿ ಕಳಚಿ ಮೈದಾನದ ಮೂಲೆಯಲ್ಲಿ ಹಾಸಿದರು. ಇಡೀ ತಂಡ ಅದರ ಸುತ್ತ ಕುಣಿಯಿತು. ಆ ಒಂದೇ ಗೋಲಿಗೆ ಫ್ರಾನ್ಸ್ ಸೋತಿತು. ಸೆನೆಗಲ್ಲಿನ ರಾಜಧಾನಿ ಡಾಕರ್‌ನ ಬೀದಿಗಳಲ್ಲಿ ಜನಸಾಗರ. ಅಧ್ಯಕ್ಷ ಅಬ್ದುಲಾಯೆ ವಾಡ್ ರಜೆಯನ್ನೇ ಘೋಷಿಸಿದರು.

ಎಲ್ಲರೂ ಪವಾಡ ಎಂದರು. ಆದರೆ ಫುಟ್‌ಬಾಲಿನ ಗಣಿತದಲ್ಲಿ ಇಂಥ ಪವಾಡಕ್ಕೆ ಜಾಗವಿದೆ. ಬಲಿಷ್ಠ ತಂಡ ಪಂದ್ಯಕ್ಕೆ ಸರಾಸರಿ 2 ಗೋಲು, ದುರ್ಬಲ ತಂಡ 1 ಗೋಲು ಹೊಡೆಯುತ್ತದೆ ಎನ್ನಿ. ಒಂದು ಗೋಲಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಭಾವಿಸಿ ಲೆಕ್ಕ ಹಾಕಿದರೆ, 100 ಪಂದ್ಯಗಳಲ್ಲಿ ಸುಮಾರು 18ನ್ನು ದುರ್ಬಲರೇ ಗೆಲ್ಲುತ್ತಾರೆ, 21 ಡ್ರಾ ಆಗುತ್ತವೆ. ಗೋಲು ವಿರಳ, ಹಾಗಾಗಿ ಅದೃಷ್ಟಕ್ಕೆ ಬೆಲೆ ಹೆಚ್ಚು. ಬುಟ್ಟಿ ತುಂಬ ಅಂಕ ಬೀಳುವ ಬಾಸ್ಕೆಟ್‌ಬಾಲಿನಲ್ಲಿ ಸಾಮರ್ಥ್ಯದಲ್ಲಿ ಇಷ್ಟೇ ಅಂತರವಿದ್ದರೆ ದುರ್ಬಲರು ಮನೆಗೆ ಹೋಗುವುದೇ ಸರಿ.

ನಿರೀಕ್ಷೆ ಇಲ್ಲದ ಗೆಲುವಿನ ರುಚಿ ಬೇರೆ. ಮಂಗಗಳಿಗೆ ಹಣ್ಣಿನ ರಸ ಕೊಟ್ಟು ಪ್ರಯೋಗ ನಡೆಸಿದ ನರವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್, ಮಿದುಳಿನ ಡೋಪಮೈನ್ ಕೋಶಗಳು ರಸ ಬಂತೆಂದು ಚುರುಕಾಗುವುದಿಲ್ಲ, ಎಣಿಸಿದ್ದಕ್ಕಿಂತ ಹೆಚ್ಚು ಬಂದಾಗ ಚುರುಕಾಗುತ್ತವೆ ಎಂದು 1990ರ ದಶಕದಲ್ಲಿ ತೋರಿಸಿದರು. ಮಂಗನ ರಸದಿಂದ ಡಾಕರ್‌ನ ಬೀದಿಗೆ ನೇರ ಹಾದಿಯೇನೂ ಇಲ್ಲ. ಆದರೂ ಖುಷಿಯ ಸುಳಿವು ಇಲ್ಲಿದೆ.

ಖುಷಿ ಸರಿ, ಹೆಮ್ಮೆ ಎಲ್ಲಿಂದ? ಬೆವರು ಹರಿಸಿದವರು ಹನ್ನೊಂದು ಜನ, ಎದೆಯುಬ್ಬಿಸುವವರು ಕೋಟಿ ಜನ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಟ್ಟೆಯಲ್ಲಿ ಅಳೆದಿತ್ತು: ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದರೆ, ಸೋಮವಾರ ಅದರ ಹೆಸರಿನ ಉಡುಪು ತೊಟ್ಟು ತರಗತಿಗೆ ಬರುವ ವಿದ್ಯಾರ್ಥಿಗಳು ಹೆಚ್ಚುತ್ತಿದ್ದರು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು, ಈ ಹೆಮ್ಮೆ ಯಾವುದನ್ನು ಬದಿಗೆ ಸರಿಸುತ್ತದೆ ಎಂಬುದು. ಎಮಿಲಿಯೊ ಡೆಪೆಟ್ರಿಸ್-ಶೋವಿನ್, ರೂಬೆನ್ ಡುರಾಂಟೆ, ಫಿಲಿಪೆ ಕಂಪಾಂಟೆ ಎಂಬ ಅರ್ಥಶಾಸ್ತ್ರಜ್ಞರು ಸಹಾರಾ ಮರುಭೂಮಿಯ ದಕ್ಷಿಣದ ದೇಶಗಳು 2000ದಿಂದ 2015ರ ನಡುವೆ ಆಡಿದ 70ಕ್ಕೂ ಹೆಚ್ಚು ಅಧಿಕೃತ ಪಂದ್ಯಗಳನ್ನು ಎತ್ತಿಕೊಂಡರು. ಅವರಿಗೆ ಸಿಕ್ಕಿದ್ದು ಒಂದು ಚಂದದ ಉಪಾಯ. ಆಫ್ರೋಬ್ಯಾರೋಮೀಟರ್ ಎಂಬ ಸಮೀಕ್ಷೆಯವರು ತಮ್ಮ ಪಾಡಿಗೆ ಮನೆಮನೆ ಸುತ್ತಿ, ನೀವು ಮೊದಲು ದೇಶದವರೋ, ನಿಮ್ಮ ಬುಡಕಟ್ಟಿನವರೋ ಎಂದು ಕೇಳುತ್ತಿರುತ್ತಾರೆ. ಆ ದಿನಗಳ ನಡುವೆಯೇ ಒಂದು ದೊಡ್ಡ ಪಂದ್ಯ ಬರುತ್ತದೆ. ಪಂದ್ಯಕ್ಕೆ ಮುಂಚೆ ಸಿಕ್ಕವರು ಯಾರು, ಆಮೇಲೆ ಸಿಕ್ಕವರು ಯಾರು ಎನ್ನುವುದು ಬರೀ ಆಕಸ್ಮಿಕ. ಹಾಗಾಗಿ ಉತ್ತರಗಳನ್ನು ಹೋಲಿಸಬಹುದು. ಗೆಲುವಿನ ನಂತರ ಬುಡಕಟ್ಟನ್ನು ಮುಂದಿಡುವವರು ಕಡಿಮೆಯಾಗಿದ್ದರು. ಬೇರೆ ಬುಡಕಟ್ಟಿನವರ ಮೇಲಿನ ನಂಬಿಕೆ ಹೆಚ್ಚಿತ್ತು. ಆಫ್ರಿಕಾ ಕಪ್ಪಿಗೆ ಕೂದಲೆಳೆಯಲ್ಲಿ ಅರ್ಹತೆ ಪಡೆದ ದೇಶಗಳಲ್ಲಿ, ಕೂದಲೆಳೆಯಲ್ಲಿ ತಪ್ಪಿಸಿಕೊಂಡ ದೇಶಗಳಿಗಿಂತ ಮುಂದಿನ ಆರು ತಿಂಗಳು ಹಿಂಸಾಚಾರವೂ ಕಡಿಮೆ. ರಾಜಕೀಯ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಕಪ್ಪಿನ ಜೊತೆ ಫೋಟೊ ತೆಗೆಸಿಕೊಳ್ಳಲು ಓಡುವ ಮಂತ್ರಿಗಳು ಇದನ್ನು ಓದಿಲ್ಲವೆಂದು ಕಾಣುತ್ತದೆ.

ಐವರಿ ಕೋಸ್ಟ್‌ನ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅಂತರ್ಯುದ್ಧದಲ್ಲಿ ಉತ್ತರ–ದಕ್ಷಿಣವಾಗಿ ಒಡೆದಿದ್ದ ಆ ದೇಶ 2005ರ ಅಕ್ಟೋಬರ್ 8ರಂದು ಸುಡಾನನ್ನು 3-1ರಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ಪಿಗೆ ಅರ್ಹವಾಯಿತು. ತಂಡದ ತಾರೆ ದಿದಿಯೆ ಡ್ರೋಗ್ಬಾ ಮೈಕ್ ಹಿಡಿದರು. ಎರಡೂ ಕಡೆಯ ಆಟಗಾರರು ಕ್ಯಾಮೆರಾದೆದುರು ಮಂಡಿಯೂರಿ, ಬಂದೂಕು ಕೆಳಗಿಡಿ ಎಂದು ಬೇಡಿಕೊಂಡರು. ಡ್ರೋಗ್ಬಾ ಯುದ್ಧ ನಿಲ್ಲಿಸಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಶಾಂತಿ ಒಪ್ಪಂದ ಆದದ್ದು 2007ರ ಮಾರ್ಚಿನಲ್ಲಿ, ಮಾತುಕತೆಯ ಮೇಜಿನಲ್ಲಿ. ಆದರೆ ಅದಾದ ಮೂರೇ ತಿಂಗಳಿಗೆ ಬಂಡುಕೋರರ ಕೋಟೆಯಾಗಿದ್ದ ಬ್ವಾಕೆ ನಗರದಲ್ಲಿ ರಾಷ್ಟ್ರೀಯ ತಂಡ ಮಡಗಾಸ್ಕರ್ ವಿರುದ್ಧ ಆಡಿತು, 5-0ಯಿಂದ ಗೆದ್ದಿತು. ಎರಡು ವರ್ಷದ ಹಿಂದೆ ಆ ಊರಿನಲ್ಲಿ ಅಂಥದ್ದೊಂದು ಪಂದ್ಯವನ್ನು ಯಾರೂ ಊಹಿಸುವಂತಿರಲಿಲ್ಲ. 2010ರ ಕೊನೆಯಲ್ಲಿ ಚುನಾವಣೆಯ ಫಲಿತಾಂಶದ ಜಗಳದಿಂದ ಯುದ್ಧ ಮತ್ತೆ ಹೊತ್ತಿಕೊಂಡು ಸುಮಾರು 3,000 ಜನ ಸತ್ತರು. ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲೂ ಇದ್ದದ್ದು ಆರು ತಿಂಗಳ ಶಾಂತಿ ಮಾತ್ರ.