ರಸಮೇವಿನ ಗುಂಡಿ: ಗಾಳಿಯ ಲೆಕ್ಕ, ಸಿಹಿಯ ಲೆಕ್ಕ



ಮುಂಗಾರಿನ ನಾಲ್ಕು ತಿಂಗಳು ನಮ್ಮ ಹೊಲ-ಬದುಗಳಲ್ಲಿ ಹಸಿರು ಮೇವಿಗೆ ಅಷ್ಟಾಗಿ ಕೊರತೆಯಿಲ್ಲ. ಫೆಬ್ರುವರಿ ಕಳೆದು ಬಿಸಿಲು ಏರಿತೆಂದರೆ ಅನೇಕರ ಕೊಟ್ಟಿಗೆಯಲ್ಲಿ ಉಳಿಯುವುದು ಒಣ ಕಣಿಕೆ ಮಾತ್ರ. ಆಗ ಹಾಲು ಇಳಿಯುತ್ತದೆ, ಹಿಂಡಿಯ ಖರ್ಚು ಏರುತ್ತದೆ. ಇದಕ್ಕೆ ಪರಿಹಾರ ರಸಮೇವು, ಅಂದರೆ ಸೈಲೇಜ್, ಎಂಬುದನ್ನು ತಾವು ಅನೇಕ ಸಲ ಕೇಳಿದ್ದೀರಿ. ಕೆಲವರು ಮಾಡಿಯೂ ನೋಡಿದ್ದೀರಿ. ಒಂದೇ ಊರಿನಲ್ಲಿ, ಒಂದೇ ತಳಿಯ ಗೋವಿನಜೋಳದಿಂದ ಒಬ್ಬರ ರಸಮೇವು ಘಮಘಮಿಸುತ್ತದೆ, ಇನ್ನೊಬ್ಬರದು ಬೂಸ್ಟು ಹಿಡಿದು ತಿಪ್ಪೆ ಸೇರುತ್ತದೆ. ಇದು ಹಣೆಬರಹವಲ್ಲ. ಗಾಳಿಯ ಲೆಕ್ಕ ಮತ್ತು ಸಿಹಿಯ ಲೆಕ್ಕ ಎಂಬ ಎರಡು ಲೆಕ್ಕಗಳಲ್ಲಿ ಎಲ್ಲಿಯೋ ತಪ್ಪಾಗಿರುತ್ತದೆ. ಆ ಎರಡು ಲೆಕ್ಕಗಳನ್ನು ಇಲ್ಲಿ ತಿಳಿಸಲಾಗಿದೆ.

ಕಣ್ಣಿಗೆ ಕಾಣದ ಕೆಲಸಗಾರರು

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಮೊಸರಿನ ಹುಳಿ ಎಂದರೆ ಅದೇ ಆಮ್ಲ. ಸ್ವೀಡನ್ ದೇಶದ ಶೀಲೆ ಎಂಬ ವಿಜ್ಞಾನಿ 1780ರಲ್ಲಿ ಇದನ್ನು ಹುಳಿ ಹಾಲಿನಿಂದಲೇ ಬೇರ್ಪಡಿಸಿದನು. ಇದೇ ಜಾತಿಯ ಬ್ಯಾಕ್ಟೀರಿಯಾಗಳು ಹಸಿರು ಮೇವಿನ ಎಲೆ-ದಂಟುಗಳ ಮೇಲೂ ಇರುತ್ತವೆ. ಕತ್ತರಿಸಿದ ಮೇವನ್ನು ಒತ್ತಿ ಮುಚ್ಚಿಟ್ಟಾಗ ಅವು ಮೇವಿನಲ್ಲಿರುವ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಹುಳಿ ಸಾಕಷ್ಟು ಏರಿದ ಮೇಲೆ ಮೇವನ್ನು ಕೊಳೆಸುವ ಬೇರೆ ಯಾವ ಸೂಕ್ಷ್ಮಾಣುವಿಗೂ ಅಲ್ಲಿ ಬದುಕು ಕಷ್ಟ. ಉಪ್ಪಿನಕಾಯಿ ಕೆಡದೆ ಉಳಿಯುವಂತೆ ಮೇವು ತಿಂಗಳುಗಟ್ಟಲೆ ಉಳಿಯುತ್ತದೆ.

ಹೀಗಾಗಿ ರಸಮೇವಿನ ಗುಂಡಿಯೂ ಆಮ್ಲ ತಯಾರಿಸುವ ಒಂದು ಕಾರ್ಖಾನೆಯೇ. ದೊಡ್ಡ ಕಾರ್ಖಾನೆಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಆಮ್ಲ ತಯಾರಿಸುವವರು ಮೊದಲು ಕೇಳುವ ಪ್ರಶ್ನೆಗಳು ಎರಡು: ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಎಷ್ಟು ಬೇಕು? ಇದಕ್ಕೆ ಉಣಿಸಲು ಅಗ್ಗದ ಸಕ್ಕರೆ ಎಲ್ಲಿ ಸಿಗುತ್ತದೆ? ಸಕ್ಕರೆ ಕಾರ್ಖಾನೆಯ ಕಾಕಂಬಿ, ಪನೀರು ಮಾಡಿದಾಗ ಉಳಿಯುವ ಹಾಲೊಡಕು ಮುಂತಾದವು ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಬಂದವು. ನಮ್ಮ ಗುಂಡಿಗೂ ಪ್ರಶ್ನೆಗಳು ಇವೇ.

ಗಾಳಿ ಬೇಕಾದವರು, ಬೇಡವಾದವರು

ವಿನೆಗರ್ ತಯಾರಿಸುವ ಬ್ಯಾಕ್ಟೀರಿಯಾವನ್ನು ನೋಡಿ. ಅದು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಅದಕ್ಕೆ ಗಾಳಿ ಇಲ್ಲದೆ ನಡೆಯುವುದೇ ಇಲ್ಲ. ಒಂದು ಕಿಲೋ ಮದ್ಯಸಾರಕ್ಕೆ ಸುಮಾರು 700 ಗ್ರಾಂ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ ಸುಮಾರು 2,600 ಲೀಟರ್ ಗಾಳಿಯಲ್ಲಿರುತ್ತದೆ. ಆದರೆ 30 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಿ ನಿಲ್ಲುವ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ಆದ್ದರಿಂದ ಕಾರ್ಖಾನೆಯಲ್ಲಿ ತೊಟ್ಟಿಯ ತಳದಿಂದ ಹಗಲು-ರಾತ್ರಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಊದುತ್ತಲೇ ಇರಬೇಕು. ಸ್ವಲ್ಪ ಹೊತ್ತು ಗಾಳಿ ನಿಂತರೂ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ.

ಗೋಬರ್ ಗ್ಯಾಸ್ ಇದಕ್ಕೆ ತದ್ವಿರುದ್ಧ. ಅಲ್ಲಿ ಮಿಥೇನ್ ಅನಿಲ ಉತ್ಪಾದಿಸುವ ಸೂಕ್ಷ್ಮಾಣುಗಳಿಗೆ ಆಮ್ಲಜನಕವೇ ವಿಷ. ಆಕಳು-ಎಮ್ಮೆಗಳ ದೊಡ್ಡ ಹೊಟ್ಟೆಯೂ ಹೆಚ್ಚುಕಡಿಮೆ ಗಾಳಿಯಿಲ್ಲದ ತೊಟ್ಟಿಯೇ ಆಗಿದ್ದು, ಮೇವು ಅಲ್ಲಿ ಹುದುಗಿ ಬರುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಮೂಲ.

ರಸಮೇವಿನ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಈ ಎರಡರ ನಡುವಿನದು. ಗಾಳಿ ಇದ್ದರೆ ಅದೇನೂ ಸಾಯುವುದಿಲ್ಲ. ಆದರೆ ಗಾಳಿ ಇದ್ದಲ್ಲಿ ಬೂಸ್ಟು, ಯೀಸ್ಟು ಮತ್ತು ಮೇವಿನ ಎಲೆಯ ಉಸಿರಾಟ ಇವೆಲ್ಲ ಅದಕ್ಕಿಂತ ಮೊದಲೇ ಸಕ್ಕರೆಗೆ ಕೈಹಾಕುತ್ತವೆ. ಗಾಳಿಯನ್ನು ಹೊರಗಿಟ್ಟಾಗ ಮಾತ್ರ ಪಂಕ್ತಿಯಲ್ಲಿ ಮೊದಲ ಎಲೆ ನಮ್ಮ ಬ್ಯಾಕ್ಟೀರಿಯಾಕ್ಕೆ ಸಿಗುತ್ತದೆ.

ಗಾಳಿ ಒಳಗೆ ಬಂದರೆ ಏನು ನಷ್ಟ?

ಒಂದು ಕಿಲೋ ಸಕ್ಕರೆ ಗಾಳಿಯಿಲ್ಲದೆ ಹುದುಗಿದರೆ ಹೆಚ್ಚುಕಡಿಮೆ ಒಂದು ಕಿಲೋ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಸಕ್ಕರೆಯಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ 97 ಭಾಗ ಹಾಗೆಯೇ ಉಳಿದು ದನದ ಹೊಟ್ಟೆ ಸೇರುತ್ತದೆ. ಅದೇ ಒಂದು ಕಿಲೋ ಸಕ್ಕರೆ ಗಾಳಿಯಲ್ಲಿ ಉರಿದರೆ ಪೂರ್ತಿ ಅನಿಲ ಮತ್ತು ನೀರಾಗಿ ಹೋಗುತ್ತದೆ. ಆಗ ಹೊರಬೀಳುವ ಶಾಖ ಸುಮಾರು 3,700 ಕಿಲೋಕ್ಯಾಲೊರಿ. ಇದರಿಂದ 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮುಚ್ಚಿದ ಗುಂಡಿ ಬಿಸಿಯಾಗುತ್ತಲೇ ಇದೆ ಎಂದರೆ ಒಳಗೆ ತಮ್ಮ ಮೇವೇ ಸೌದೆಯಾಗಿ ಉರಿಯುತ್ತಿದೆ ಎಂದು ತಿಳಿಯಿರಿ.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಬೇಕು. ಚೆನ್ನಾಗಿ ತುಳಿದ ಒಂದು ಘನ ಮೀಟರ್ ಗುಂಡಿಯಲ್ಲಿ ಸುಮಾರು 600 ಕಿಲೋ ಹಸಿ ಮೇವು ಹಿಡಿಯುತ್ತದೆ. ಅದರ ಸಂದುಗಳಲ್ಲಿ ಉಳಿದ ಗಾಳಿ ಸುಡಬಲ್ಲ ಸಕ್ಕರೆ ನೂರು ಗ್ರಾಂನ ಆಸುಪಾಸು ಅಷ್ಟೇ. ಅಷ್ಟು ಗೋವಿನಜೋಳದಲ್ಲಿ ಇರುವ ಸಕ್ಕರೆಯಾದರೋ ಸುಮಾರು 20 ಕಿಲೋ. ಅಂದರೆ ಮುಚ್ಚುವಾಗ ಒಳಗೆ ಸಿಕ್ಕಿಕೊಂಡ ಗಾಳಿ ದೊಡ್ಡ ವೈರಿಯಲ್ಲ. ಆ ಮೇಲೆ ಹೊರಗಿನಿಂದ ಬರುತ್ತಲೇ ಇರುವ ಗಾಳಿಯೇ ವೈರಿ. ಮೂರು-ನಾಲ್ಕು ದಿನ ಎಳೆದಾಡಿ ತುಂಬುವುದು, ಹಾಳೆಯಲ್ಲಿ ಇಲಿ ಕಡಿದ ತೂತು, ಅಂಚಿನಲ್ಲಿ ಸಡಿಲಾದ ಮಣ್ಣು, ತೆರೆದ ಮೇಲೆ ನಿಧಾನವಾಗಿ ಉಣಿಸುವುದು, ಈ ನಾಲ್ಕು ಬಾಗಿಲುಗಳಿಂದ ಅದು ಬರುತ್ತದೆ. ಹಾಗಾದರೆ ತುಳಿಯುವುದು ಏಕೆ? ಸಡಿಲಾದ ಮೇವಿನಲ್ಲಿ ಹೊರಗಿನ ಗಾಳಿ ಮೊಳಗಟ್ಟಲೆ ಒಳಗೆ ನುಗ್ಗುತ್ತದೆ, ಬಿಗಿಯಾದ ಮೇವಿನಲ್ಲಿ ಅಂಚಿನಲ್ಲಿಯೇ ತಡೆಯುತ್ತದೆ. ಅದಕ್ಕಾಗಿ.

ಎರಿ ಭೂಮಿಯವರಿಗೆ ಸೂಚನೆ

ಗಾಳಿಯಾಡದಂತೆ ನೆಲದಡಿ ಇಡುವ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಮತ್ತು ಹುಳುಗಳ ಉಸಿರಾಟದಿಂದ ಆಮ್ಲಜನಕ ತೀರಿ, ಹುಳುಗಳು ಸತ್ತು ಕಾಳು ಉಳಿಯುತ್ತಿತ್ತು. ಬಾಯಿ ತೆರೆದ ತಕ್ಷಣ ಒಳಗೆ ಇಳಿದರೆ ಜೀವಕ್ಕೆ ಅಪಾಯ ಎಂಬುದೂ ಅವರಿಗೆ ಗೊತ್ತಿತ್ತು. ಆಳವಾದ ರಸಮೇವಿನ ಗುಂಡಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ತುಂಬಿದ ಮೊದಲ ವಾರಗಳಲ್ಲಿ ಗುಂಡಿಯೊಳಗೆ ಇಳಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬರಿ ಮಣ್ಣಿನ ಗುಂಡಿ ಮಾಡಿದರೆ ಆ ಬಿರುಕುಗಳೇ ಗಾಳಿಯ ಕಾಲುವೆಗಳಾಗುತ್ತವೆ. ಆದ್ದರಿಂದ ತಳ ಮತ್ತು ಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು, ಇಲ್ಲವೆ ಇಟ್ಟಿಗೆ-ಸಿಮೆಂಟಿನಿಂದ ನೆಲದ ಮೇಲೆ ಕಟ್ಟಬೇಕು. ಕಲಘಟಗಿ, ಅಳ್ನಾವರ ಕಡೆ ಮಳೆ ಹೆಚ್ಚು. ಅಲ್ಲಿ ನೀರು ನಿಲ್ಲದ ಎತ್ತರದ ಜಾಗ ಆರಿಸಿ ಸುತ್ತ ಬಸಿಗಾಲುವೆ ತೆಗೆಯಬೇಕು.

ಎಷ್ಟು ದನಕ್ಕೆ ಎಷ್ಟು ಅಗಲ?

ತೆರೆದ ರಸಮೇವಿನ ಮುಖದಿಂದ ದಿನಕ್ಕೆ ಕನಿಷ್ಠ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿಯಷ್ಟು ದಪ್ಪ ತೆಗೆಯಬೇಕು. ಅದಕ್ಕಿಂತ ಕಡಿಮೆ ತೆಗೆದರೆ ನಾವು ತೆಗೆಯುವುದಕ್ಕಿಂತ ಮುಂದೆ ಗಾಳಿ ಓಡುತ್ತದೆ. ಯೀಸ್ಟು ಹುಳಿಯನ್ನೇ ತಿಂದುಹಾಕುತ್ತದೆ, ಅದರ ಹಿಂದೆ ಬೂಸ್ಟು ಬರುತ್ತದೆ.

ಈಗ ಲೆಕ್ಕ ಹಾಕೋಣ. ಎರಡು ಆಕಳಿಗೆ ತಲಾ 20 ಕಿಲೋದಂತೆ ದಿನಕ್ಕೆ 40 ಕಿಲೋ ಬೇಕು. ಕಾಲಿನಿಂದ ತುಳಿದ ಗುಂಡಿಯಲ್ಲಿ ಘನ ಮೀಟರಿಗೆ 500 ಕಿಲೋ ಎಂದು ಹಿಡಿಯಿರಿ. ಮುಖ ಎರಡು ಚದರ ಮೀಟರ್ ಇದ್ದರೆ ದಿನಕ್ಕೆ ತೆಗೆಯುವ ದಪ್ಪ 4 ಸೆಂಟಿಮೀಟರ್ ಮಾತ್ರ. ಇಂತಹ ಗುಂಡಿ ಎಷ್ಟು ಚೆನ್ನಾಗಿ ತುಂಬಿದ್ದರೂ ತೆರೆದ ಮೇಲೆ ಕೆಡುತ್ತದೆ. ಅನೇಕ ಸಣ್ಣ ಉತ್ಪಾದಕರ ಗುಂಡಿ ಕೆಡುವುದು ಇಲ್ಲಿಯೇ. ಒಂದೆರಡು ದನ ಇರುವವರಿಗೆ ಗುಂಡಿಗಿಂತ ಚೀಲವೇ ಲೇಸು. 50 ಕಿಲೋ ಚೀಲವಾದರೆ ಬೇಗ ತೀರುತ್ತದೆ. 80 ಸೆಂಟಿಮೀಟರ್ ವ್ಯಾಸದ 500 ಕಿಲೋ ಚೀಲದಲ್ಲಿ ದಿನಕ್ಕೆ 16 ಸೆಂಟಿಮೀಟರ್ ಇಳಿಯುತ್ತದೆ. ಲೆಕ್ಕ ಸರಿಹೋಗುತ್ತದೆ. ಆರು ದನ ಇರುವವರು ಗುಂಡಿ ಮಾಡಬಹುದು. ಆದರೆ ಅಗಲ 1.3 ಮೀಟರ್, ಎತ್ತರ 1.2 ಮೀಟರ್ ಮೀರದಿರಲಿ. ಹೆಚ್ಚು ಮೇವು ಬೇಕಿದ್ದರೆ ಉದ್ದವನ್ನು ಹೆಚ್ಚಿಸಿ, ಅಗಲವನ್ನಲ್ಲ.

ಸಿಹಿಯ ಲೆಕ್ಕ

ಕಾಕಂಬಿ ಹಾಕಿದರೆ ರಸಮೇವು ಚೆನ್ನಾಗಿ ಬರುತ್ತದೆ ಎಂದು ಎಲ್ಲದಕ್ಕೂ ಸುರಿಯುವುದು ದಂಡ. ಹಾಲು ತುಂಬಿದ ಕಾಳು ಗಟ್ಟಿಯಾಗತೊಡಗಿದ ಹಂತದ ಗೋವಿನಜೋಳಕ್ಕೆ ಹೊರಗಿನ ಸಿಹಿ ಬೇಕಿಲ್ಲ. ತನ್ನಲ್ಲಿರುವುದೇ ಸಾಕು. ಹಸಿ ಜೋಳಕ್ಕೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೇಪಿಯರ್ ಹುಲ್ಲಿನಲ್ಲಿ ಸಕ್ಕರೆ ಕಡಿಮೆ, ನೀರು ಹೆಚ್ಚು. ಕುದುರೆಮೆಂತ್ಯ, ಅಲಸಂದಿಯಂತಹ ದ್ವಿದಳ ಮೇವು ಬೇಗ ಹುಳಿಯಾಗುವುದಿಲ್ಲ. ಇವುಗಳಿಗೆ ಸಿಹಿ ಕೂಡಿಸಬೇಕು.

ಕಾಕಂಬಿಯ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆ ಇರುತ್ತದೆ. 100 ಕಿಲೋ ನೇಪಿಯರ್‌ಗೆ 2ರಿಂದ 3 ಕಿಲೋ ಕಾಕಂಬಿ ಸಾಕು. ಕಾಕಂಬಿ ಸಿಗದಿದ್ದರೆ ಅಗ್ಗದ ಕಪ್ಪು ಬೆಲ್ಲ ಒಂದೂವರೆ ಕಿಲೋ ಬಳಸಬಹುದು. ಹುಲ್ಲನ್ನು ಕೊಯ್ದು ಅರ್ಧ ದಿನ ಬಾಡಿಸಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ನೀರು ಹೆಚ್ಚಾಗಿ, ಗಾಳಿ ಇಲ್ಲದಲ್ಲಿಯೂ ಬೆಳೆಯುವ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ಮೇವು ನಾರುತ್ತದೆ. ನೇಪಿಯರ್ ಮತ್ತು ಗೋವಿನಜೋಳವನ್ನು ಬೆರೆಸಿ ತುಂಬಿದರೆ ಕಾಕಂಬಿಯ ಖರ್ಚೇ ಉಳಿಯುತ್ತದೆ.

ಹೊಲ-ಕಾರ್ಖಾನೆಗಳ ಉಳಿಕೆಯೂ ರಸಮೇವಾಗುತ್ತದೆ. ಕಬ್ಬು ಕಡಿದಾಗ ಸಿಗುವ ಹಸಿ ಸೋಗೆ, ಎಳೆ ತೆನೆ ಕಿತ್ತ ನಂತರದ ಗೋವಿನಜೋಳದ ಹಸಿ ದಂಟು ಇದಕ್ಕೆ ಯೋಗ್ಯ. ರಸ ತೆಗೆದ ಅನಾನಸ್ ಹಣ್ಣಿನ ಸಿಪ್ಪೆ ಮತ್ತು ತಲೆಯ ಎಲೆಗಳಿಂದ ರಸಮೇವು ತಯಾರಿಸುವ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ರೂಪಿಸಿದ್ದಾರೆ. ಆದರೆ ಪೂರ್ತಿ ಒಣಗಿದ ಕಣಿಕೆಯಿಂದ ರಸಮೇವು ಆಗದು. ಅದರಲ್ಲಿ ರಸವೂ ಇಲ್ಲ, ಸಿಹಿಯೂ ಇಲ್ಲ, ಒತ್ತಿದರೆ ಗಾಳಿಯೂ ಹೋಗುವುದಿಲ್ಲ.

ಮಾಡುವ ಕ್ರಮ

1. ಮೇವನ್ನು 2ರಿಂದ 3 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಬೇಕು. ತುಂಡು ಉದ್ದವಾದಷ್ಟೂ ಸಂದು ಹೆಚ್ಚು.

2. ಒಂದು ಹಿಡಿ ಮೇವನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಕೈ ಬಿಡಿಸಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು. ಉಂಡೆ ತಕ್ಷಣ ಉದುರಿದರೆ ಒಣಗು ಹೆಚ್ಚು. ನಿಧಾನವಾಗಿ ಬಿಚ್ಚಿಕೊಂಡರೆ ಸರಿಯಾದ ಹದ.

3. ಅರ್ಧ ಅಡಿ ದಪ್ಪದ ಪದರುಗಳಾಗಿ ತುಂಬಿ, ಪ್ರತಿ ಪದರನ್ನೂ, ವಿಶೇಷವಾಗಿ ಅಂಚು-ಮೂಲೆಗಳನ್ನು, ತುಳಿಯಬೇಕು.

4. ಒಂದೇ ದಿನದಲ್ಲಿ, ತಪ್ಪಿದರೆ ಎರಡನೆಯ ದಿನ ಮುಗಿಸಬೇಕು. ನೆರೆಹೊರೆಯವರು ಮುಯ್ಯಿ ಆಳಾಗಿ ಸೇರಿದರೆ ಇದು ಕಷ್ಟವಲ್ಲ.

5. ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಮಣ್ಣು ಇಲ್ಲವೆ ಹಳೆಯ ಟೈರುಗಳ ಭಾರ ಹೇರಬೇಕು. ವಾರಕ್ಕೊಮ್ಮೆ ತೂತುಗಳನ್ನು ಹುಡುಕಿ ಅಂಟಿಸಬೇಕು.

6. 45 ದಿನ ತೆರೆಯಬಾರದು.

ತೆರೆದಾಗ ಕಣ್ಣು, ಮೂಗು, ಕೈ ಬಳಸಿ

ಹಳದಿಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಕೆಲಸ ಚೆನ್ನಾಗಿ ಆಗಿದೆ. ಕಂದು ಬಣ್ಣ, ತಂಬಾಕಿನ ವಾಸನೆ ಇದ್ದರೆ ಗಾಳಿಯಿಂದ ಮೇವು ಕಾದಿದೆ. ಲೋಳೆ ಮತ್ತು ಕೊಳೆತ ಬೆಣ್ಣೆಯ ನಾತ ಇದ್ದರೆ ನೀರು ಹೆಚ್ಚಾಗಿದೆ. ಬಿಳಿ, ನೀಲಿ, ಕಪ್ಪು ಬೂಸ್ಟು ಕಂಡ ಭಾಗವನ್ನು ಸುತ್ತಲಿನ ಮೇವಿನ ಸಮೇತ ತೆಗೆದು ತಿಪ್ಪೆಗೆ ಹಾಕಿ. ದನಕ್ಕೆ ಹಾಕಬೇಡಿ. ಕೆಲವು ಬೂಸ್ಟುಗಳ ಅಫ್ಲಾಟಾಕ್ಸಿನ್ ವಿಷ ಹಾಲಿನಲ್ಲಿ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದರ ಮಿತಿಯನ್ನು ಆಹಾರ ಸುರಕ್ಷತಾ ನಿಯಮಗಳು ಕಿಲೋಗೆ 0.5 ಮೈಕ್ರೋಗ್ರಾಂ ಎಂದು ಗೊತ್ತುಪಡಿಸಿವೆ. ಒಬ್ಬರ ಕ್ಯಾನಿನ ಹಾಲು ಇಡೀ ಸಂಘದ ಹಾಲಿನೊಡನೆ ಬೆರೆಯುತ್ತದೆ ಎಂಬುದನ್ನು ಮರೆಯಬಾರದು.

ಮೊದಲ ದಿನ 5 ಕಿಲೋದಿಂದ ಆರಂಭಿಸಿ ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸಿ. ಹಾಲು ಹಿಂಡಿದ ನಂತರವೇ ಹಾಕಿ. ಮೊದಲು ಹಾಕಿದರೆ ಅದರ ವಾಸನೆ ಹಾಲಿಗೆ ಸೇರುತ್ತದೆ. ರಸಮೇವು ತಿನ್ನಿಸುತ್ತಿದ್ದರೂ ಸ್ವಲ್ಪ ಒಣ ಮೇವು ಇರಲಿ.

ಮೇವಿನ ತಳಿ ಮತ್ತು ಬೀಜದ ಬಗ್ಗೆ ಧಾರವಾಡದಲ್ಲಿಯೇ ಇರುವ ಕೃಷಿ ವಿಶ್ವವಿದ್ಯಾಲಯದಲ್ಲಿ ಮತ್ತು ಭಾರತೀಯ ಹುಲ್ಲುಗಾವಲು ಹಾಗೂ ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು. ಮೊದಲ ಸಲ ಮಾಡುವವರು ದೊಡ್ಡ ಗುಂಡಿಗೆ ಕೈಹಾಕದೆ ನಾಲ್ಕೈದು ಚೀಲಗಳಿಂದ ಆರಂಭಿಸಿರಿ. ಈ ಮುಂಗಾರಿನಲ್ಲಿ ಬಿತ್ತುವಾಗಲೇ ದನಗಳನ್ನು ಎಣಿಸಿ, ದಿನಕ್ಕೆ ಬೇಕಾದ ಕಿಲೋ ಲೆಕ್ಕ ಹಾಕಿ, ಆ ನಂತರ ಚೀಲವೋ ಗುಂಡಿಯೋ ಎಂಬುದನ್ನು ನಿರ್ಧರಿಸಿರಿ.