ನಾಲ್ಕನೇ ಸಾಲಿನ ರಾವುತರು

ಹಾಸನದಿಂದ ಬೇಲೂರಿಗೆ ಹೊರಟ ಬಸ್ಸು. ಪಕ್ಕದ ಸೀಟಿನ ಹುಡುಗ ಮೊಬೈಲು ನೋಡುತ್ತಾ ತನ್ನಷ್ಟಕ್ಕೆ ತಾನೇ ‘ಅಬ್ಬಬ್ಬಾ’ ಅನ್ನುತ್ತಿದ್ದ. ತಡೆಯಲಾರದೆ ನಾನೂ ಇಣುಕಿದೆ. ಮೆಕ್ಸಿಕೊದ ಕುದುರೆ ಸವಾರರು, ಚಾರ್ರೊಗಳು! ಮೊರದಗಲದ ಟೋಪಿ, ಸಾಲುಸಾಲು ಬೆಳ್ಳಿ ಗುಂಡಿ. ಒಬ್ಬ ನಾಗಾಲೋಟದಲ್ಲಿ ಬಂದವನು ಲಗಾಮು ಹಿಡಿದು ಗಕ್ಕನೆ ನಿಲ್ಲಿಸಿದರೆ ಕುದುರೆಯ ಹಿಂಗಾಲುಗಳು ನೆಲದಲ್ಲಿ ಗೆರೆ ಕೊರೆದುಕೊಂಡು ಜಾರಿದವು. ಇನ್ನೊಬ್ಬ, ಓಡುವ ಕುದುರೆಯ ಬರಿ ಬೆನ್ನಿನಿಂದ ಪಕ್ಕದಲ್ಲೇ ಓಡುತ್ತಿದ್ದ ಪಳಗದ ಕುದುರೆಯ ಬೆನ್ನಿಗೆ ನೆಗೆದೇಬಿಟ್ಟ. ಆ ನೆಗೆತಕ್ಕೆ ಅವರ ಭಾಷೆಯಲ್ಲಿ ‘ಸಾವಿನ ದಾಟು’ ಅಂತಲೇ ಹೆಸರು.

“ನಮ್ ಕಡೆ ಇಂಥಾ ಸವಾರ್ರು ಎಲ್ಲಿದ್ರು ಸಾರ್?” ಅಂದ ಹುಡುಗ.

ಉತ್ತರ ಹೊಳೆಯುವಷ್ಟರಲ್ಲಿ ಹಗರೆ ಬಂತು. ಇಳಿದೆ. ನೇರ ಹೋದರೆ ಬೇಲೂರು, ಬಲಕ್ಕೆ ತಿರುಗಿದರೆ ಹಳೇಬೀಡು. ಟೀ ಕುಡಿದು ಬಲಕ್ಕೆ ಹೊರಟೆ. ಅಲ್ಲಿನ ಹೊಯ್ಸಳೇಶ್ವರನ ಗುಡಿಗೆ ನಾನು ಹತ್ತು ಸಲವಾದರೂ ಹೋಗಿದ್ದೇನೆ. ಹತ್ತು ಸಲವೂ ಕುರುಡನಂತೆ ತಿರುಗಿ ಬಂದಿದ್ದೇನೆ ಎಂದು ಗೊತ್ತಾದದ್ದು ಆವತ್ತು!

ಎಲ್ಲರ ಹಾಗೆ ನನಗೂ ಮೊದಲು ಕಂಡದ್ದು ತಳದ ಆನೆಗಳೇ. 710 ಅಡಿ ಉದ್ದದ ಸಾಲು ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಫರ್ಗ್ಯುಸನ್ ಎಂಬ ವಾಸ್ತುಶಿಲ್ಪ ಇತಿಹಾಸಕಾರ ಬೆರಗಿನಿಂದ ಬರೆದುಬಿಟ್ಟ. ಅಂದಿನಿಂದ ಆನೆಗೇ ಮರ್ಯಾದೆ. ಆನೆ ನೋಡಿದ ಕಣ್ಣು ಸೀದಾ ಮೇಲಿನ ನರ್ತಕಿಯರಿಗೆ ಹಾರುತ್ತದೆ. ನಡುವೆ ಏನಿದೆ? ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಬಳ್ಳಿ. ಬಳ್ಳಿಯ ಮೇಲೆ ಅಯ್ಯೋ, ಕುದುರೆ! ಒಂದಲ್ಲ, ಹತ್ತಲ್ಲ, ಗೋಡೆ ತಿರುಗಿದತ್ತ ತಿರುಗುತ್ತ, ಮೂಲೆಗೊಮ್ಮೆ ಮುರಿಯುತ್ತ, ಮತ್ತೆ ಹೊರಡುತ್ತ, ಒಂದು ಇಡೀ ದಂಡು. ಪ್ರತಿ ಕುದುರೆಯ ಮೇಲೂ ಒಬ್ಬೊಬ್ಬ ರಾವುತ.

ಮೊಣಕಾಲೂರಿ ಕೂತೆ. ಒಂದೇ ಒಂದು ಕುದುರೆಯನ್ನು ಹಿಡಿದುಕೊಂಡೆ. ಗೇಣುದ್ದವೂ ಇಲ್ಲ. ಮುಂಗಾಲು ಎತ್ತಿದೆ, ಕತ್ತು ಬಿಲ್ಲಿನಂತೆ ಬಾಗಿದೆ. ಬಾಯಿಗೆ ಕಡಿವಾಣ. ಎದೆಗೆ ಪಟ್ಟಿ, ಪಟ್ಟಿಯ ತುಂಬ ಮಣಿ. ಬೆನ್ನಿನ ಮೇಲೆ ಹಲ್ಲಣ. ಸವಾರ ಹಿಂದೆ ಜಾರದ ಹಾಗೆ, ಮುಂದೆ ಮುಗ್ಗರಿಸದ ಹಾಗೆ ಎರಡೂ ತುದಿ ಎತ್ತರಿಸಿದೆ. ಇನ್ನೂ ಬಗ್ಗಿ ಅವನ ಪಾದ ನೋಡಿದೆ. ಪಾದ ಗಾಳಿಯಲ್ಲಿ ನೇತಾಡುತ್ತಿಲ್ಲ. ರಿಕಾಪಿನೊಳಗಿದೆ!

ರಿಕಾಪಿಗೆ ಇಷ್ಟೊಂದು ಕುಣಿಯಬೇಕೇ ಎನ್ನಬೇಡಿ. ರಿಕಾಪಿಲ್ಲದ ಸವಾರ ತೊಡೆಯ ಬಿಗಿತದಲ್ಲೇ ಕೂರಬೇಕು; ಭರ್ಚಿ ತಿವಿದರೆ ತಾನೇ ಉರುಳುವ ಭಯ. ಪಾದಕ್ಕೊಂದು ಆಸರೆ ಸಿಕ್ಕಿತೋ, ಎದ್ದು ನಿಂತು ಕತ್ತಿ ಬೀಸಬಹುದು, ಪಕ್ಕಕ್ಕೆ ವಾಲಿ ಇರಿಯಬಹುದು. ಬಳಪದ ಕಲ್ಲಿನಲ್ಲಿ ಉಗುರಗಲದ ಪಾದ ಕೆತ್ತುವಾಗಲೂ ಶಿಲ್ಪಿ ಅದನ್ನು ಬಿಡಲಿಲ್ಲ. ಕುದುರೆಯನ್ನು ದೂರದಿಂದ ಕೈಮುಗಿದು ನೋಡಿದವನ ಕೆಲಸವಲ್ಲ ಇದು. ಲಾಯದ ವಾಸನೆ ಬಲ್ಲವನದು. ಜ್ಯಾಂ ದೆಲೋಶ್ ಎಂಬ ಫ್ರೆಂಚ್ ವಿದ್ವಾಂಸ ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ಯುದ್ಧ ಸಲಕರಣೆಗಳ ಮೇಲೆಯೇ 1989ರಲ್ಲಿ ಒಂದು ಪುಸ್ತಕ ತಂದ. ನಾವು ಫೋಟೊ ಹೊಡೆದುಕೊಂಡು ಬಂದೆವು.

ಈಗ ಇಸವಿ ನೋಡಿ, ಮೈ ಜುಂ ಎನ್ನುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಈ ಗುಡಿಯ ಕೆಲಸ ಶುರುವಾಯಿತು. ಆಗ ಮೆಕ್ಸಿಕೊದಲ್ಲಿ ಎಷ್ಟು ಕುದುರೆಗಳಿದ್ದವು? ಸೊನ್ನೆ! ಇಡೀ ಅಮೆರಿಕ ಖಂಡದಲ್ಲೇ ಒಂದೂ ಇರಲಿಲ್ಲ. ಅಲ್ಲಿನ ಕಾಡುಕುದುರೆಗಳ ವಂಶ ಸಾವಿರಾರು ವರ್ಷ ಹಿಂದೆಯೇ ಅಳಿದುಹೋಗಿತ್ತು. 1519ರಲ್ಲಿ ಸ್ಪೇನಿನ ಕೊರ್ತೆಸ್ ಹಡಗಿನಿಂದ 16 ಕುದುರೆಗಳನ್ನು ಇಳಿಸಿದ. ಮೊದಮೊದಲು ಅಲ್ಲಿನ ಮೂಲನಿವಾಸಿಗಳು ಕುದುರೆ ಹತ್ತುವುದಕ್ಕೇ ನಿಷೇಧ. ಆಮೇಲೆ ದನದ ಮಂದೆ ಬೆಳೆದು, ಕಾಯಲು ಸವಾರರಿಲ್ಲದೆ ಒಡೆಯರೇ ಹತ್ತಿಸಬೇಕಾಯಿತು. ಆ ದನಗಾಹಿಗಳ ಕಸುಬೇ ಬೆಳೆದು ಚಾರ್ರೊಗಳ ಆಟವಾಯಿತು, 2016ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. (ನಮ್ಮ ಹೊಯ್ಸಳ ಗುಡಿಗಳು ಯುನೆಸ್ಕೊದ ಇನ್ನೊಂದು ಪಟ್ಟಿಗೆ ಸೇರಿದ್ದು 2023ರಲ್ಲಿ.)

ಹಾಗಂತ ನಮ್ಮ ಕುದುರೆ ಹಗರೆ ಬಯಲಲ್ಲೇ ಹುಟ್ಟಿ ಬೆಳೆದದ್ದು ಅಂದುಕೊಳ್ಳಬೇಡಿ. ಒಳ್ಳೆಯ ತಳಿ ಬರುತ್ತಿದ್ದದ್ದು ಹಡಗಿನಲ್ಲೇ, ಅರಬಸ್ತಾನದ ಕಡೆಯಿಂದ ಪಡುವಣ ಕರಾವಳಿಗೆ. ಅಲ್ಲಿಂದ ಘಟ್ಟ ಹತ್ತಿ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ. ಹದಿಮೂರನೇ ಶತಮಾನದ ಕೊನೆಯಲ್ಲಿ ತೆಂಕಣಕ್ಕೆ ಬಂದ ಮಾರ್ಕೊ ಪೋಲೊ ಪಾಂಡ್ಯರ ನಾಡಿನ ಕುದುರೆಗಳನ್ನು ನೋಡಿ ಮರುಗಿದ್ದಾನೆ: ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರಂತೆ, ಆರೈಕೆ ತಿಳಿಯದೆ ಸಾಯಿಸುತ್ತಾರಂತೆ, ವರ್ಷವರ್ಷವೂ ಹೊಸದು ಕೊಳ್ಳುತ್ತಾರಂತೆ. ಕುದುರೆ ವ್ಯಾಪಾರಿಗೆ ಇನ್ನೇನು ಬೇಕು! ಹಳೇಬೀಡಿನ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಹುರುಳಿ ಬೆಳೆಯುತ್ತಾರೆ. ಇಂಗ್ಲಿಷರು ಅದನ್ನು ಕುದುರೆಯ ಕಾಳು ಎಂದೇ ಕರೆದರು. ಕುದುರೆ ಹೋಯಿತು, ಹುರುಳಿ ಸಾರು ಉಳಿಯಿತು.

ಮಾತುಗಳೂ ಉಳಿದವು. ಸಂಜೆ ವಾಹ್ಯಾಳಿಗೆ ಹೋಗುತ್ತೇವಲ್ಲ, ಕೈಬೀಸಿಕೊಂಡು, ನಡೆದು? ವಾಹ್ಯಾಳಿ ಎಂದರೆ ಕುದುರೆ ಓಡಿಸುವುದು, ಓಡಿಸುವ ಬಯಲು! ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ವಿಷ್ಣುವರ್ಧನನ ಕಾಲದವನೇ, ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುತ್ತ ಕುದುರೆ ವಾಹ್ಯಾಳಿಗೂ ಜಾಗ ಕೊಟ್ಟಿದ್ದಾನೆ. ಎರಡು ಪಂಗಡದ ಸವಾರರು, ಕೈಯಲ್ಲಿ ಕೋಲು, ನೆಲದಲ್ಲಿ ಚೆಂಡು, ಗುರಿಗೆ ತೋರಣ. ಇದು ಪೋಲೊ ಅಲ್ಲದೆ ಮತ್ತೇನು? ರಾವುತ, ಹಲ್ಲಣ, ಲಾಯದ ಅಧಿಕಾರಿಯಾದ ಸಾಹಣಿ ಎಲ್ಲ ಹಳಗನ್ನಡದ ಮಾತು. ಜೀನು, ಲಗಾಮು, ರಿಕಾಪು ಪಾರಸಿ–ಅರಬಿಯಿಂದ ಬಂದವು. ಬೆಲೆಗಳಿಗೆ ಕಡಿವಾಣ ಹಾಕಿ ಎಂದು ದಿನಾ ಪೇಪರಿನಲ್ಲಿ ಬರೆಯುತ್ತೇವೆ, ಕುದುರೆಯ ಬಾಯಿ ನೆನಪಾಗುವುದೇ ಇಲ್ಲ.

1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದು ಮುತ್ತಿತು. ಹೊಯ್ಸಳ ದೊರೆ ಮೂರನೇ ಬಲ್ಲಾಳ ಆನೆ, ಕುದುರೆಗಳನ್ನು ಒಪ್ಪಿಸಬೇಕಾಯಿತು ಎಂದು ದೆಹಲಿಯ ಕವಿ ಅಮೀರ್ ಖುಸ್ರೊ ದಾಖಲಿಸಿದ್ದಾನೆ. ಲಾಯ ಬರಿದಾಯಿತು. ಗೋಡೆಯ ಮೇಲಿದ್ದ ದಂಡನ್ನು ಹೊಡೆದುಕೊಂಡು ಹೋಗಲು ಯಾರಿಗೂ ಆಗಲಿಲ್ಲ!

ಕನ್ನಡ ನಾಡಿನ ಸವಾರಿ ಅಲ್ಲಿಗೆ ಮುಗಿಯಿತೇ? ಎಲ್ಲಿಯ ಮಾತು. ಆರುನೂರು ವರ್ಷಗಳ ಮೇಲೆ, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಭರ್ಚಿ, ಕತ್ತಿ ಹಿಡಿದು ಮಷಿನ್‌ಗನ್ನುಗಳ ಎದುರಿಗೆ ನುಗ್ಗಿ ಪ್ಯಾಲೆಸ್ಟೈನಿನ ಹೈಫಾ ಊರನ್ನು ಗೆದ್ದರು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ.

ಬಸ್ಸಿನ ಹುಡುಗನ ಹೆಸರೂ ಕೇಳಲಿಲ್ಲ, ಊರೂ ಕೇಳಲಿಲ್ಲ. ಇದು ಅವನ ಕಣ್ಣಿಗೆ ಬಿದ್ದರೆ: ಹಗರೆಯಲ್ಲಿ ಇಳಿ, ಬಲಕ್ಕೆ ತಿರುಗು. ಗುಡಿಗೆ ಬೆಳಗ್ಗೆಯೇ ಹೋಗು, ಮೂಡಣ ಗೋಡೆಗೆ ಎಳೆಬಿಸಿಲು ಓರೆಯಾಗಿ ಬೀಳುತ್ತಿರುತ್ತದೆ. ತಳದಿಂದ ಎಣಿಸು. ಆನೆ, ಸಿಂಹ, ಬಳ್ಳಿ, ನಾಲ್ಕನೆಯದು ಕುದುರೆ. ಮುಟ್ಟಬೇಡ, ಬಗ್ಗಿ ಪಾದ ನೋಡು.