ಅಕ್ಷರಪರದೆಯ ಮೇಲೆ ಜಾಲಸಂಪರ್ಕದ ನಿರ್ವಹಣೆ

ದೂರದ ಮೂಲದಿಂದ ಹೊರಟ ವಸ್ತುವೊಂದು ಕವಲೊಡೆಯುತ್ತ ಹರಿದು ಮನೆಮನೆಯ ಬಾಗಿಲನ್ನು ಮುಟ್ಟುವ ವ್ಯವಸ್ಥೆಗೆ ಜಾಲವೆಂದು ಹೆಸರು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಇದು ಹೊಸ ಮಾತಲ್ಲ. ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಗೆ ಇಳಿದು, ಕವಲುಗಾಲುವೆ ಹೊಲಗಾಲುವೆಗಳಾಗಿ ಹಂಚಿಹೋಗುವುದನ್ನು ಇಲ್ಲಿನ ಶಾಲಾಬಾಲಕನೂ ಬಲ್ಲನು. 1969ರಲ್ಲಿ ಸ್ಥಾಪನೆಗೊಂಡ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು, ಬಳಸುವವರೇ ಸದಸ್ಯರಾಗಿ ಒಂದು ವಿದ್ಯುತ್ ಜಾಲವನ್ನು ನಡೆಸಬಲ್ಲರೆಂಬುದಕ್ಕೆ ನಿದರ್ಶನವಾಗಿದೆ. ಸಿ-ಡಾಟ್ ಸಂಸ್ಥೆಯು ನಮ್ಮ ದೇಶದಲ್ಲಿಯೇ ರೂಪಿಸಿದ 128 ದ್ವಾರಗಳ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರಗಳಲ್ಲಿ ಮೊಟ್ಟಮೊದಲನೆಯದು 1986ರಲ್ಲಿ ಇದೇ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣದ ಕೋಣೆಯಿಲ್ಲದೆ, ಹಳ್ಳಿಯ ಸೆಕೆ ಧೂಳುಗಳ ನಡುವೆಯೇ ನಡೆಯಬಲ್ಲ ಯಂತ್ರವದು.

ಇಂದು ನಮ್ಮ ಶಾಲೆಗಳ ಬಾಗಿಲನ್ನು ಮುಟ್ಟಿರುವುದು ಗಣಕಯಂತ್ರಗಳ ಜಾಲ. ವಿದ್ಯಾರ್ಥಿಗಳ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರ ಮೂಲಕವೇ ಸಾಗುತ್ತಿವೆ. ಅರ್ಜಿಯ ಕೊನೆಯ ದಿನ ಸಂಪರ್ಕ ಕಡಿದುಹೋದರೆ ನಷ್ಟವಾಗುವುದು ಯಂತ್ರಕ್ಕಲ್ಲ, ಬಡ ವಿದ್ಯಾರ್ಥಿಗೆ. ಆಗ ಪಟ್ಟಣದಿಂದ ತಂತ್ರಜ್ಞನು ಬರುವ ತನಕ ಕಾದು ಕುಳಿತುಕೊಳ್ಳುವುದೊಂದೇ ದಾರಿಯಾಗಬಾರದು. ಕಡಿದ ಸಂಪರ್ಕವನ್ನು ಶಾಲೆಯವರೇ ಕೂಡಿಸಿಕೊಳ್ಳಲು ನೆರವಾಗುವ ಸರಳ ಸಾಧನವೊಂದಿದೆ. ಅದು ಅಕ್ಷರಗಳಿಂದಲೇ ರಚಿತವಾದ ಪರದೆ. ಅದರ ಸ್ವರೂಪವನ್ನೂ ಅದನ್ನು ಕಟ್ಟುವ ಕ್ರಮವನ್ನೂ ಅದರಲ್ಲಿ ಕನ್ನಡಕ್ಕಿರುವ ತೊಡಕನ್ನೂ ತಿಳಿಸುವುದು ಈ ಕಿರುಲೇಖನದ ಉದ್ದೇಶ.

ಸಂಪರ್ಕವೆಂದರೇನು?

ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಮುಖ್ಯವಾಗಿ ಮೂರು ಸಂಗತಿಗಳು ತಿಳಿದಿರಬೇಕು. ಮೊದಲನೆಯದು ತನ್ನ ವಿಳಾಸ. 192.168.1.25 ಎಂಬಂತೆ ನಾಲ್ಕು ಅಂಕಿಗಳ ಗುಂಪಿನಿಂದ ಅದು ಆಗುತ್ತದೆ; ಪ್ರತಿಯೊಂದು ಅಂಕಿಯೂ 0ಯಿಂದ 255ರ ಒಳಗಿರಬೇಕು. ಎರಡನೆಯದು ಹೆಬ್ಬಾಗಿಲಿನ ವಿಳಾಸ. ಶಾಲೆಯ ಆವರಣದಿಂದ ಹೊರಹೋಗುವ ಪತ್ರಗಳೆಲ್ಲ ಹಾದುಹೋಗುವ ಪೆಟ್ಟಿಗೆ ಅದು. ಮೂರನೆಯದು ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ ಯಂತ್ರ ಯಾವುದೆಂಬುದು. ತಂತಿಯಿಲ್ಲದ ಸಂಪರ್ಕವಾದರೆ ಇವುಗಳೊಡನೆ ಗುಪ್ತಪದವೂ ಬೇಕು.

ಕಾಲುವೆಯಲ್ಲಿ ನೀರು ಬಾರದಿದ್ದಾಗ ರೈತನು ಮೊದಲು ತನ್ನ ಹೊಲದ ಮಡೆಯನ್ನು ನೋಡಿ, ಬಳಿಕ ಹೊಲಗಾಲುವೆಯನ್ನೂ ಆಮೇಲೆ ತೂಬನ್ನೂ ನೋಡುತ್ತಾನೆ. ಸಂಪರ್ಕದ ದೋಷವನ್ನು ಹುಡುಕುವ ಕ್ರಮವೂ ಇದೇ. ತಂತಿ ಸರಿಯಾಗಿದೆಯೇ, ವಿಳಾಸ ದೊರೆತಿದೆಯೇ, ಹೆಬ್ಬಾಗಿಲು ಉತ್ತರಿಸುತ್ತಿದೆಯೇ, ಹೆಸರುಗಳು ದೊರೆಯುತ್ತಿವೆಯೇ ಎಂದು ಸಮೀಪದಿಂದ ದೂರಕ್ಕೆ ಸಾಗಬೇಕು. ಒಳ್ಳೆಯ ಪರದೆಯು ಈ ನಾಲ್ಕು ಪ್ರಶ್ನೆಗಳಿಗೂ ಒಂದೇ ನೋಟದಲ್ಲಿ ಉತ್ತರ ಕೊಡುವಂತಿರಬೇಕು.

ಅಕ್ಷರಪರದೆಯೇ ಏಕೆ?

ಚಿತ್ರಮಯ ಪರದೆಗಳ ಈ ಕಾಲದಲ್ಲಿ ಅಕ್ಷರಪರದೆ ಏಕೆಂದು ಯಾರಾದರೂ ಕೇಳಬಹುದು. ಉತ್ತರವು ಲೆಕ್ಕದಲ್ಲಿದೆ. 1978ರಲ್ಲಿ ಬಂದ ವಿಟಿ-100 ಟರ್ಮಿನಲ್‌ನ ಪರದೆಯಲ್ಲಿ ಸಾಲಿಗೆ 80ರಂತೆ 24 ಸಾಲುಗಳು, ಅಂದರೆ 1,920 ಮನೆಗಳು. ಮನೆಗೊಂದು ಆಂಗ್ಲ ಅಕ್ಷರದಂತೆ ಇಡೀ ಪರದೆ 1,920 ಬೈಟುಗಳಲ್ಲಿ ಮುಗಿಯುತ್ತದೆ. 1024 ಅಗಲ, 768 ಎತ್ತರದ ಸಾಧಾರಣ ಬಣ್ಣದ ಚಿತ್ರಪರದೆಗೆ ಚುಕ್ಕೆಗೆ 3 ಬೈಟಿನಂತೆ 23 ಲಕ್ಷಕ್ಕೂ ಹೆಚ್ಚು ಬೈಟುಗಳು ಬೇಕಾಗುತ್ತವೆ. ಆದುದರಿಂದ ಹಳೆಯ ಯಂತ್ರದಲ್ಲಿಯೂ, ಮಂದಗತಿಯ ತಂತಿಯ ಇನ್ನೊಂದು ತುದಿಯಲ್ಲಿಯೂ, ಚಿತ್ರಪರದೆಯನ್ನೇ ಸ್ಥಾಪಿಸದ ಯಂತ್ರದಲ್ಲಿಯೂ ಅಕ್ಷರಪರದೆ ಕೆಲಸ ಮಾಡುತ್ತದೆ. ಸಂಪರ್ಕವೇ ಕೆಟ್ಟಿರುವಾಗ ಇದರ ಬೆಲೆ ತಿಳಿಯುತ್ತದೆ.

1980ರ ಹೊತ್ತಿಗೆ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕೆನ್ ಆರ್ನಲ್ಡ್ ಅವರು ರೂಪಿಸಿದ 'ಕರ್ಸಸ್' ಎಂಬ ಕ್ರಮವಿಧಿ ಸಂಗ್ರಹವು ಈ ಬಗೆಯ ಪರದೆಗಳಿಗೆ ಅಡಿಪಾಯವಾಯಿತು. ಅದರ ಉಪಾಯ ಸರಳವಾದರೂ ಜಾಣತನದ್ದು. ಈಗ ಪರದೆಯ ಮೇಲೆ ಏನಿದೆ ಎಂಬುದರ ಒಂದು ನಕಲನ್ನೂ, ಇನ್ನು ಮುಂದೆ ಏನಿರಬೇಕು ಎಂಬುದರ ಇನ್ನೊಂದು ನಕಲನ್ನೂ ಅದು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಎರಡನ್ನೂ ಹೋಲಿಸಿ, ಬದಲಾದ ಮನೆಗಳನ್ನಷ್ಟೇ ಟರ್ಮಿನಲ್‌ಗೆ ಕಳುಹಿಸುತ್ತದೆ.

ಸಂಪರ್ಕ ನಿರ್ವಹಣೆಗೆ ಇಂಥ ಪರದೆಯೊಂದು ಈಗಾಗಲೇ ಬಳಕೆಯಲ್ಲಿದೆ. ಲಿನಕ್ಸ್ ಯಂತ್ರಗಳಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ 'ನೆಟ್‌ವರ್ಕ್ ಮ್ಯಾನೇಜರ್' ಎಂಬ ವ್ಯವಸ್ಥೆಯು 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯಿಂದ ಬಂದಿತು. ಅದರ ಅಕ್ಷರಪರದೆಯಾದ 'ಎನ್‌ಎಂಟಿಯುಐ'ಯು 2014ರ ರೆಡ್ ಹ್ಯಾಟ್ 7ನೆಯ ಆವೃತ್ತಿಯೊಡನೆ ವ್ಯಾಪಕವಾಗಿ ಹರಡಿತು. ಸಂಪರ್ಕವನ್ನು ತಿದ್ದುವುದು, ಸಂಪರ್ಕವನ್ನು ಜಾರಿಗೊಳಿಸುವುದು, ಯಂತ್ರಕ್ಕೆ ಹೆಸರಿಡುವುದು ಇವು ಅದರ ಮುಖ್ಯ ಆಯ್ಕೆಗಳು. ಬಾಣದ ಕೀಲಿಗಳಿಂದ ಮೇಲೆ ಕೆಳಗೆ ಸರಿದು ಬೇಕಾದುದನ್ನು ಆರಿಸಬಹುದು. ಆಜ್ಞೆಗಳನ್ನು ಕಂಠಪಾಠ ಮಾಡಬೇಕಾಗಿಲ್ಲ.

ಕಟ್ಟುವ ಕ್ರಮ

ಇಂಥ ಪರದೆಯನ್ನು ಶಾಲೆಯ ಮಟ್ಟದಲ್ಲಿಯೇ ಕಟ್ಟಲು ಸಾಧ್ಯವಿದೆ. ಲಿನಕ್ಸ್‌ನಲ್ಲಿ ದೊರೆಯುವ ಪೈಥಾನ್ ಭಾಷೆಯೊಡನೆ ಕರ್ಸಸ್ ಭಾಗವೂ ಬರುತ್ತದೆ. ರಚನೆಯನ್ನು ಮೂರು ಅಂತಸ್ತುಗಳಾಗಿ ಭಾವಿಸುವುದು ಲೇಸು. ಮೇಲಿನದು ಕಣ್ಣಿಗೆ ಕಾಣುವ ಪರದೆ. ನಡುವಿನದು ಸಂಪರ್ಕಗಳ ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳುವ ಪಟ್ಟಿ. ಕೆಳಗಿನದು ನೆಟ್‌ವರ್ಕ್ ಮ್ಯಾನೇಜರ್. ಪರದೆಯು ಯಂತ್ರದ ಒಡಲಿಗೆ ನೇರವಾಗಿ ಕೈಹಾಕದೆ, ಮಾಡಬೇಕಾದುದನ್ನು ಮ್ಯಾನೇಜರ್‌ಗೆ ಕೇಳಿಕೊಂಡು ಅದರಿಂದ ಬಂದ ಉತ್ತರವನ್ನು ತೋರಿಸಬೇಕು. ಯಾರಿಗೆ ಅಧಿಕಾರವಿದೆ, ಯಾರಿಗಿಲ್ಲ ಎಂಬ ವಿವೇಚನೆಯೂ ಆಗ ಕೆಳಗಿನ ಅಂತಸ್ತಿನಲ್ಲಿಯೇ ಉಳಿಯುತ್ತದೆ.

ಕಟ್ಟುವವರು ಗಮನದಲ್ಲಿಡಬೇಕಾದ ಸಂಗತಿಗಳು ನಾಲ್ಕು.

ಮೊದಲನೆಯದು, ಬರೆದಿಟ್ಟ ಸಂಪರ್ಕಕ್ಕೂ ನಡೆಯುತ್ತಿರುವ ಸಂಪರ್ಕಕ್ಕೂ ಇರುವ ಭೇದ. ಕಡತದಲ್ಲಿ ವಿಳಾಸವನ್ನು ತಿದ್ದಿದ ಮಾತ್ರಕ್ಕೆ ಯಂತ್ರವು ಹೊಸ ವಿಳಾಸದಲ್ಲಿ ನಡೆಯತೊಡಗುವುದಿಲ್ಲ, ಅದನ್ನು ಜಾರಿಗೊಳಿಸಬೇಕು. ಈ ಎರಡನ್ನೂ ಪರದೆಯು ಬೇರೆ ಬೇರೆಯಾಗಿ ತೋರಿಸದಿದ್ದರೆ, ತಿದ್ದಿದವನು ಕೆಲಸ ಮುಗಿಯಿತೆಂದು ಭ್ರಮಿಸುತ್ತಾನೆ.

ಎರಡನೆಯದು ಕಾಲ. ಹೆಬ್ಬಾಗಿಲಿನಿಂದ ವಿಳಾಸವನ್ನು ಬೇಡಿ ಪಡೆಯಲು ಕೆಲವು ಕ್ಷಣಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಪರದೆಯು ಕಲ್ಲಿನಂತೆ ನಿಂತುಬಿಟ್ಟರೆ ಬಳಸುವವನು ಗಾಬರಿಗೊಂಡು ಮತ್ತೆ ಮತ್ತೆ ಕೀಲಿ ಒತ್ತುತ್ತಾನೆ. ಕೋರಿಕೆಯನ್ನು ಕಳುಹಿಸಿದ ಮೇಲೂ ಪರದೆಯು ಎಚ್ಚರವಾಗಿದ್ದು, ವಿಳಾಸ ಕೇಳುತ್ತಿದೆ, ದೊರೆಯಿತು, ದೊರೆಯಲಿಲ್ಲ ಎಂದು ಹಂತಹಂತವಾಗಿ ತಿಳಿಸುತ್ತಿರಬೇಕು.

ಮೂರನೆಯದು ತಪ್ಪನ್ನು ತಪ್ಪಾದ ಜಾಗದಲ್ಲಿಯೇ ತೋರಿಸುವುದು. ವಿಳಾಸದಲ್ಲಿ 256 ಎಂದು ಬರೆದರೆ ಅಲ್ಲಿಯೇ ತಡೆಯಬೇಕು. ಯಂತ್ರದ ವಿಳಾಸ 192.168.1.25 ಆಗಿದ್ದು, ಮೊದಲ ಮೂರು ಅಂಕಿಗಳು ಶಾಲೆಯ ಜಾಲವನ್ನು ಸೂಚಿಸುತ್ತಿರುವಾಗ ಹೆಬ್ಬಾಗಿಲನ್ನು 192.168.10.1 ಎಂದು ಬರೆದರೆ, ಅಂಕಿಗಳೆಲ್ಲ ಮಿತಿಯೊಳಗಿದ್ದರೂ ಬಾಗಿಲು ಬೇರೊಂದು ಓಣಿಯಲ್ಲಿದ್ದಂತಾಗುತ್ತದೆ. ಇದನ್ನೂ ಕೂಡಲೇ ಎಚ್ಚರಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದುದು. ಹುಕ್ಕೇರಿಯಲ್ಲಿ ಕುಳಿತವನು ಮೂಡಲಗಿಯ ಶಾಲೆಯ ಯಂತ್ರವನ್ನು ಜಾಲದ ಮೂಲಕವೇ ತೆರೆದು, ಅದರ ವಿಳಾಸವನ್ನು ಬದಲಿಸುತ್ತಿದ್ದಾನೆಂದು ಭಾವಿಸೋಣ. ಅಂಕಿಯೊಂದು ತಪ್ಪಿದರೆ ಆ ಯಂತ್ರದೊಡನೆ ಅವನ ಸಂಪರ್ಕವೇ ಕಡಿದುಹೋಗುತ್ತದೆ. ಕುಳಿತ ಕೊಂಬೆಯನ್ನು ತಾನೇ ಕಡಿದುಕೊಂಡಂತೆ. ತಿದ್ದಲು ಮೂಡಲಗಿಗೇ ಹೋಗಬೇಕು. ಇದಕ್ಕೆ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಪರಿಹಾರವಿದೆ. ಬದಲಾವಣೆಗೆ ಮುನ್ನ ಈಗಿನ ಸ್ಥಿತಿಯನ್ನು ಗುರುತು ಹಾಕಿಟ್ಟು, 60 ಕ್ಷಣಗಳ ಅವಧಿ ಕೊಡಬಹುದು. ಅಷ್ಟರೊಳಗೆ 'ಸರಿಯಾಗಿದೆ' ಎಂಬ ಒಪ್ಪಿಗೆ ಬಾರದಿದ್ದರೆ ಯಂತ್ರವು ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತದೆ. ಹೊಸದಾಗಿ ಪರದೆ ಕಟ್ಟುವವರು ಈ ಸೌಕರ್ಯವನ್ನು ಮರೆಯದೆ ಅಳವಡಿಸಬೇಕು.

ಕನ್ನಡದ ಪ್ರಶ್ನೆ

ಇಷ್ಟೆಲ್ಲ ಆದ ಮೇಲೆ ಪರದೆಯು ಕನ್ನಡದಲ್ಲಿ ಮಾತನಾಡಬೇಡವೇ? ನೆಟ್‌ವರ್ಕ್ ಮ್ಯಾನೇಜರ್‌ನ ಮೂಲದಲ್ಲಿ ಕನ್ನಡ ಅನುವಾದದ ಕಡತವೂ ಸೇರಿದೆ. ತೊಡಕಿರುವುದು ಮಾತುಗಳಲ್ಲಿ ಅಲ್ಲ, ಮನೆಗಳಲ್ಲಿ.

ಅಕ್ಷರಪರದೆಯು ಚೌಕದ ಹಾಳೆಯಂತೆ. ಒಂದು ಮನೆಗೆ ಒಂದು ಅಕ್ಷರವೆಂಬ ನಿಯಮ ಆಂಗ್ಲ ಲಿಪಿಗೆ ಒಪ್ಪುತ್ತದೆ, ಕನ್ನಡಕ್ಕೆ ಒಪ್ಪುವುದಿಲ್ಲ. 'ಸಂಪರ್ಕ' ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಸಂಕೇತದಲ್ಲಿ ಆರು ಚಿಹ್ನೆಗಳು. ಕಡತದಲ್ಲಿ, ಚಿಹ್ನೆಗೆ 3ರಂತೆ, 18 ಬೈಟುಗಳು. ಕ-ಕಾರಕ್ಕಿಂತ ಮೊದಲು ಉಚ್ಚರಿಸುವ ರೇಫವನ್ನು ಬರೆಯುವುದು ಕ-ಕಾರದ ಬಲಕ್ಕೆ. 'ಅಕ್ಕ' ಎಂಬಲ್ಲಿ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿಯೂ ಆರು ಚಿಹ್ನೆಗಳಿವೆ. ಒಂದು ಮಾತು ಎಷ್ಟು ಮನೆಗಳನ್ನು ಹಿಡಿಯುತ್ತದೆಂಬ ವಿಷಯದಲ್ಲಿ ಪರದೆ ಕಟ್ಟಿದ ಕ್ರಮವಿಧಿಯ ಲೆಕ್ಕಕ್ಕೂ ಟರ್ಮಿನಲ್‌ನ ಲೆಕ್ಕಕ್ಕೂ ಹೊಂದಿಕೆ ತಪ್ಪಿದರೆ ಅಂಚಿನ ಗೆರೆಗಳು ಓರೆಕೋರೆಯಾಗುತ್ತವೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಚಿತ್ರಪರದೆಯಿಲ್ಲದ ಲಿನಕ್ಸ್‌ನ ಮೂಲ ಪರದೆಗಂತೂ ಹೆಚ್ಚೆಂದರೆ 512 ಅಕ್ಷರರೂಪಗಳನ್ನಷ್ಟೇ ಇಟ್ಟುಕೊಳ್ಳಲು ಸಾಧ್ಯ. ಕನ್ನಡದ ಸಂಯುಕ್ತಾಕ್ಷರಗಳನ್ನು ಕೂಡಿಸುವ ಶಕ್ತಿಯೂ ಅದಕ್ಕಿಲ್ಲ.

ಈ ಸಮಸ್ಯೆ ಹಳೆಯದು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಬೆಳೆದು, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ 'ಜಿಸ್ಟ್' ತಂತ್ರವು ಗಣಕಯಂತ್ರದೊಳಗೆ ಒಂದು ಪ್ರತ್ಯೇಕ ಫಲಕವನ್ನಿಟ್ಟು, ಅಕ್ಷರಪರದೆಯ ಮೇಲೆಯೇ ಭಾರತೀಯ ಲಿಪಿಗಳನ್ನು ಮೂಡಿಸಿತು. 1991ರಲ್ಲಿ ಭಾರತೀಯ ಲಿಪಿಗಳ ಇಸ್ಕಿ ಸಂಕೇತವು ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯೂ ಪ್ರಕಟವಾಗಿ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ಸಂಕೇತದ ಪ್ರಶ್ನೆ ಹೀಗೆ ಬಗೆಹರಿಯಿತಾದರೂ ಮನೆಯ ಪ್ರಶ್ನೆ ಉಳಿಯಿತು.

ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. ಸಂಯುಕ್ತಾಕ್ಷರಗಳನ್ನು ಕೂಡಿಸಬಲ್ಲ ಎಂಎಲ್‌ಟರ್ಮ್‌ನಂಥ ಟರ್ಮಿನಲ್ಲನ್ನು ಆರಿಸಿಕೊಳ್ಳಬೇಕು. ಮಾತಿನ ಉದ್ದವನ್ನು ಚಿಹ್ನೆಗಳಿಂದ ಎಣಿಸದೆ ಪೂರ್ಣ ಅಕ್ಷರಗಳಿಂದ ವಿಭಾಗಿಸಬೇಕು. ಇಲ್ಲವಾದರೆ ಸಾಲು ಮುರಿಯುವಾಗ ಒತ್ತಕ್ಷರವು ತನ್ನ ಮೂಲಾಕ್ಷರವನ್ನು ಬಿಟ್ಟುಹೋಗುತ್ತದೆ. ಅಂಕಿ ಮತ್ತು ಗುರುತುಗಳನ್ನು ಎಡಕ್ಕಿಟ್ಟು, ಕನ್ನಡದ ಮಾತನ್ನು ಸಾಲಿನ ಕೊನೆಗಿಟ್ಟು, ಬಲಗಡೆಯ ಗೆರೆಯನ್ನು ಕೈಬಿಟ್ಟರೆ ಹೊಂದಿಕೆ ಕೆಡುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಸಾಲುಗಳ ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಒತ್ತಕ್ಷರಕ್ಕೂ ಎಡೆ ದೊರೆಯುತ್ತದೆ. 'ಡಿಫಾಲ್ಟ್ ಗೇಟ್‌ವೇ' ಎಂದು ಬರೆಯುವ ಬದಲು 'ಹೆಬ್ಬಾಗಿಲು' ಎಂದು ಬರೆದರೆ ಸ್ಥಳವೂ ಉಳಿಯುತ್ತದೆ, ಅರ್ಥವೂ ತಿಳಿಯುತ್ತದೆ. ಎಷ್ಟೋ ಕಡೆ ಮನೆಗಳ ಇಕ್ಕಟ್ಟೇ ನಮಗೆ ತಿಳಿಗನ್ನಡವನ್ನು ಕಲಿಸೀತು.

ಶಾಲೆಯ ಪಾಲಿಗೆ

ಶಿಕ್ಷಕರು ಈ ಕೆಲಸವನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಯೋಜನಾಕಾರ್ಯವಾಗಿ ಕೊಡಬಹುದು. ಮೊದಲ ಹಂತದಲ್ಲಿ ಸಂಪರ್ಕಗಳ ಪಟ್ಟಿಯನ್ನು ತೋರಿಸುವ ಪರದೆ ಸಾಕು. ಓದುವುದರಿಂದ ಏನೂ ಕೆಡುವುದಿಲ್ಲ. ಎರಡನೆಯ ಹಂತದಲ್ಲಿ ಜಾರಿಗೊಳಿಸುವುದು, ಮೂರನೆಯದರಲ್ಲಿ ತಿದ್ದುವುದು. ಪಾಠಕ್ಕೆಂದೇ ಬೇರೆಯಾಗಿಟ್ಟ ಯಂತ್ರವೊಂದರ ಮೇಲೆ ಅಭ್ಯಾಸ ನಡೆಯಲಿ. ಕಚೇರಿಯ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಗಣಿತದ ಪಾಠ, ಕನ್ನಡದ ಪಾಠ, ವಿಜ್ಞಾನದ ಪಾಠ ಮೂರೂ ಇಲ್ಲಿ ಒಂದೆಡೆ ಕೂಡುತ್ತವೆ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಶಾಲೆಗೆ ಗಣಕಯಂತ್ರವನ್ನು ಕೊಡುವಾಗ ಅದನ್ನು ನಡೆಸುವ ಅರಿವನ್ನೂ ಜೊತೆಗೆ ಕೊಡುವಂತಾಗಲಿ. ನಗರಗಳಲ್ಲಿ ಈ ವಿದ್ಯೆಯಿಂದಲೇ ಜೀವಿಸುತ್ತಿರುವವರು ರಜೆಯ ಎರಡು ದಿನಗಳನ್ನು ಈ ಪಾಠಕ್ಕಾಗಿ ಮೀಸಲಿಟ್ಟರೆ ಅದು ಹತ್ತು ಹೊಸ ಯಂತ್ರಗಳಿಗಿಂತ ಮಿಗಿಲಾದ ಕೊಡುಗೆಯಾಗುತ್ತದೆ. ವಿದ್ಯುತ್ ಜಾಲವನ್ನು ಸಹಕಾರದಿಂದ ನಡೆಸಿದ ಈ ನಾಡಿನ ಜನರಿಗೆ ತಮ್ಮ ಶಾಲೆಯ ನಾಲ್ಕು ತಂತಿಗಳ ಜಾಲವನ್ನು ನೋಡಿಕೊಳ್ಳುವುದು ಅಸಾಧ್ಯವೇನೂ ಅಲ್ಲ.